ಗೂಟ ಹೊಡೆಯುವ ಊರು

ಲ್ಯಾಕ್ಸ್‌ಟನ್ನಿಗೆ ನಾನು ಕರೆದುಕೊಂಡು ಹೋದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಇಲ್ಲೇನಿದೆ?" ಪ್ರಶ್ನೆ ನ್ಯಾಯವಾದದ್ದೇ. ನಾಟಿಂಗ್‌ಹ್ಯಾಮ್ ಕಡೆ ಕೆಲಸಕ್ಕೆ ಬಂದು ಇಲ್ಲೇ ಬೇರುಬಿಟ್ಟ ನಮ್ಮಂಥವರ ಮನೆಗೆ ಊರಿನಿಂದ ನೆಂಟರು ಬಂದರೆ ಲಂಡನ್ ಆದ ಮೇಲೆ ಎರಡನೇ ಬೇಡಿಕೆ ಇಂಗ್ಲೆಂಡಿನ ಹಳ್ಳಿ. ಅವರ ಕಣ್ಣಲ್ಲಿ ಒಂದು ಹಳ್ಳಿ ಮೊದಲೇ ಕೂತಿರುತ್ತದೆ. ಹುಲ್ಲಿನ ಮಾಡು, ಬಾಗಿಲ ಮೇಲೆ ಹಬ್ಬಿದ ಗುಲಾಬಿ, ಕಲ್ಲಿನ ಸೇತುವೆ, ಕೆಳಗೆ ಬಾತುಕೋಳಿ. ಬಿಸ್ಕತ್ತಿನ ಡಬ್ಬದ ಮೇಲಿನ ಚಿತ್ರ. ಲ್ಯಾಕ್ಸ್‌ಟನ್ನಿನಲ್ಲಿ ಇದ್ಯಾವುದೂ ಇಲ್ಲ. ಕೆಂಪು ಇಟ್ಟಿಗೆಯ ಮನೆಗಳು, ಹೆಂಚು, ಒಂದು ಚರ್ಚು, ಒಂದು ಪಬ್ಬು, ರಸ್ತೆ ಮೇಲೆ ಟ್ರ್ಯಾಕ್ಟರ್ ಚಕ್ರ ಉದುರಿಸಿ ಹೋದ ಮಣ್ಣು. ನಮ್ಮ ಚಿಕ್ಕಮ್ಮ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿ ಇಳಿಸಿ ನೋಡಿ, "ಇದಕ್ಕೆ ಇಷ್ಟು ದೂರ ಬರಬೇಕಿತ್ತೇನೋ" ಅಂದರು.

ಆದರೂ ನಾನು ಮತ್ತೆ ಮತ್ತೆ ಹೋಗುತ್ತೇನೆ. ಚಂದದ ಹಳ್ಳಿಗಳನ್ನು ಒಮ್ಮೆ ನೋಡಿ ಮರೆತಿದ್ದೇನೆ, ಇದು ಮಾತ್ರ ತಲೆಯಲ್ಲಿ ಕೂತಿದೆ. ಇಲ್ಲಿ ನೋಡುವುದಕ್ಕೆ ಇರುವುದು ಕಟ್ಟಡ ಅಲ್ಲ, ಒಂದು ಏರ್ಪಾಡು. ಏರ್ಪಾಡು ಫೋಟೋದಲ್ಲಿ ಬೀಳುವುದಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದರೆ ಅದರ ಗುರುತುಗಳು ಕಾಣುತ್ತವೆ ಅಷ್ಟೇ. ಉದಾಹರಣೆಗೆ, ಇಲ್ಲಿನ ಕಣಜದ ಕಟ್ಟಡಗಳು ರಸ್ತೆಗೆ ಮುಖ ಮಾಡಿ ನಿಂತಿಲ್ಲ, ಹೆಗಲು ಕೊಟ್ಟು ನಿಂತಿವೆ. ಬೀದಿಗೆ ಕಾಣುವುದು ಇಟ್ಟಿಗೆಯ ಪಕ್ಕದ ಗೋಡೆ ಮಾತ್ರ. ಬಾಗಿಲು ಇರುವುದು ಒಳಗಿನ ಅಂಗಳಕ್ಕೆ. ಬೀದಿಯ ಉದ್ದಕ್ಕೂ ಒಂದರ ಪಕ್ಕ ಒಂದು ಹೀಗೇ ಒತ್ತಿಕೊಂಡಿವೆ. ಇಂಗ್ಲೆಂಡಿನ ಬೇರೆ ಕಡೆ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿ ಇರುತ್ತದೆ. ಇಲ್ಲಿ ಎಲ್ಲ ರೈತರೂ ಊರೊಳಗೇ ಇದ್ದಾರೆ. ಯಾಕೆ ಅಂದರೆ ಇಲ್ಲಿ ಯಾರ ಜಮೀನಿಗೂ ನಡು ಅನ್ನುವುದೇ ಇಲ್ಲ. ಒಬ್ಬನ ಹಿಸ್ಸೆ ಊರಿನ ಸುತ್ತ ತುಂಡು ತುಂಡಾಗಿ ಹರಡಿಕೊಂಡಿದೆ. ಎಲ್ಲ ತುಂಡಿಗೂ ಹತ್ತಿರವಾಗುವ ಜಾಗ ಅಂದರೆ ಊರೇ.

ಬೇಲಿ ಇಲ್ಲದ ಹೊಲ

ಊರು ದಾಟಿ ಸೌತ್ ಫೀಲ್ಡ್ ಕಡೆ ನಡೆದರೆ ಮೊದಲು ಕಾಡುವುದು ಏನೋ ಒಂದು ಇಲ್ಲ ಅನ್ನುವ ಭಾವ. ಏನಿಲ್ಲ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಬೇಲಿ ಇಲ್ಲ. ದಿಣ್ಣೆಯ ಆಚೆ ತನಕ ಒಂದೇ ಹೊಲ, ಅದರೊಳಗೆ ಉದ್ದುದ್ದ ಪಟ್ಟಿಗಳು. ಒಂದು ಪಟ್ಟಿಯ ಹಸಿರು ಪಕ್ಕದ್ದಕ್ಕಿಂತ ಒಂಚೂರು ಗಾಢ, ಒಂದರಲ್ಲಿ ಗೋಧಿ ಒಂದು ವಾರ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಬ್ಬೊಬ್ಬ ರೈತನದು ಒಂದೊಂದು ಪಟ್ಟಿ. ನಡುವೆ ಬದು ಕೂಡ ಇಲ್ಲ. ಎಲ್ಲಿ ಇವನದು ಮುಗಿದು ಅವನದು ಶುರು ಅಂತ ಗೊತ್ತಾಗುವುದು ಪಟ್ಟಿಯ ತುದಿಯಲ್ಲಿ ಹೊಡೆದ ಒಂದು ಮರದ ಗೂಟದಿಂದ.

ಒಂದು ಕಾಲದಲ್ಲಿ ಇಂಗ್ಲೆಂಡಿನ ನಡುಭಾಗದ ಬಹುತೇಕ ಹಳ್ಳಿಗಳು ಹೀಗೇ ಇದ್ದವು. ಊರಿಗೆ ಎರಡೋ ಮೂರೋ ದೊಡ್ಡ ಹೊಲ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು. ಕೊಯ್ಲಾದ ಮೇಲೆ ಮತ್ತು ಬೀಳಿನಲ್ಲಿ ಎಲ್ಲರ ದನ ಕುರಿ ಒಟ್ಟಿಗೆ ಮೇಯಬೇಕು. ಹಾಗಾಗಿ ನಾನು ಬೇರೆ ಬೆಳೆ ಹಾಕುತ್ತೇನೆ, ತಡವಾಗಿ ಕೊಯ್ಯುತ್ತೇನೆ ಅಂತ ಒಬ್ಬ ಹಟ ಹಿಡಿಯುವ ಹಾಗಿಲ್ಲ. ಆಮೇಲೆ ಬೇಲಿಯ ಕಾಲ ಬಂತು. 1604ರಿಂದ 1914ರ ನಡುವೆ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯ್ದೆಗಳ ಮೂಲಕ 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಇಂಗ್ಲೆಂಡಿನ ಐದರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ. ದೊಡ್ಡವರಿಗೆ ಒಟ್ಟಾದ ಜಮೀನು ಸಿಕ್ಕಿತು. ಒಂದು ಹಸು, ನಾಲ್ಕು ಹೆಬ್ಬಾತು ಇಟ್ಟುಕೊಂಡು ಊರ ಹುಲ್ಲಿನ ಮೇಲೆ ಬದುಕುತ್ತಿದ್ದವರಿಗೆ ಕೂಲಿ ಸಿಕ್ಕಿತು, ಇಲ್ಲವೇ ಪಟ್ಟಣದ ದಾರಿ. ವಿಮಾನ ಇಳಿಯುವಾಗ ಕಿಟಕಿಯಿಂದ ಕಾಣುವ ಆ ಹಸಿರು ಚೌಕಗಳು, ಚೌಕದ ಸುತ್ತ ಗಿಡದ ಬೇಲಿ, ಎಷ್ಟು ಚಂದ ಅಂತ ಎಲ್ಲರೂ ಫೋಟೋ ತೆಗೆಯುತ್ತಾರಲ್ಲ, ಅದರಲ್ಲಿ ಬಹುಪಾಲು ಹೀಗೆ ಕಾಯ್ದೆ ಮಾಡಿ ಬರೆದ ಗೆರೆ. ನನಗೂ ಆ ನೋಟ ಚಂದವೇ. ಆದರೆ ಲ್ಯಾಕ್ಸ್‌ಟನ್ ನೋಡಿದ ಮೇಲೆ ಬೇಲಿ ಕಂಡಾಗಲೆಲ್ಲ ಆಚೆ ಯಾರಿದ್ದರು ಅಂತ ಒಂದು ಯೋಚನೆ ಬಂದು ಹೋಗುತ್ತದೆ.

ಲ್ಯಾಕ್ಸ್‌ಟನ್ನಿನಲ್ಲಿ ಮೂರು ಹೊಲ ಈಗಲೂ ಇವೆ. ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್. ಮೂರೂ ಸೇರಿ ಐನೂರು ಎಕರೆಗೆ ತುಸು ಕಡಿಮೆ. ಸರದಿ ಈಗಲೂ ನಡೆಯುತ್ತದೆ. ಬೀಳಿನಲ್ಲಿ ಈಗ ಹೆಚ್ಚಾಗಿ ಹುಲ್ಲು ಬೆಳೆದು ಕೊಯ್ಯುತ್ತಾರೆ. ಹೊಲಗಳ ನಡುವೆ ನೀರು ಹರಿಯುವ ತಗ್ಗುಗಳಲ್ಲಿ ನೇಗಿಲು ಓಡುವುದಿಲ್ಲ. ಅಲ್ಲಿ ಹುಲ್ಲು ಬಿಟ್ಟಿದ್ದಾರೆ. ಅದಕ್ಕೆ ಸೈಕ್ ಅಂತಾರೆ. ಆ ಹುಲ್ಲು ಊರಿನದು. ಕೊಯ್ಯುವ ಹಕ್ಕನ್ನು ಹರಾಜು ಹಾಕುತ್ತಾರೆ. ನೂರಾರು ವರ್ಷ ಯಾರೂ ಉಳದೇ ಬಿಟ್ಟಿದ್ದರಿಂದ ಅಲ್ಲಿ ಬೇರೆಡೆ ಮಾಯವಾದ ಹೂಗಳು ಉಳಿದುಕೊಂಡಿವೆ. ಸರ್ಕಾರ ಅದನ್ನು ವಿಶೇಷ ವೈಜ್ಞಾನಿಕ ಮಹತ್ವದ ಜಾಗ ಅಂತ ಘೋಷಿಸಿದೆ. ಹೂ ಉಳಿಸಬೇಕು ಅಂತ ಯಾರೂ ಹೊರಟಿರಲಿಲ್ಲ. ನೇಗಿಲು ಹೋಗಲಿಲ್ಲ, ಹೂ ಉಳಿಯಿತು, ಅಷ್ಟೇ ಕಥೆ.

ನವೆಂಬರಿನ ಗುರುವಾರ

ಈ ಊರಿನ ಹಬ್ಬ ಅಂದರೆ ನವೆಂಬರ್ ಕೊನೆಯ ಗುರುವಾರ. ಹಬ್ಬ ಅಂತ ನಾನು ಕರೆಯುವುದು. ಅವರಿಗೆ ಅದು ಜ್ಯೂರಿ ದಿನ. ಬಿತ್ತನೆಯಾದ ಗೋಧಿ ಹೊಲವನ್ನು ಊರಿನ ರೈತರದೇ ಒಂದು ಪಂಚಾಯ್ತಿ ಸುತ್ತಿ ನೋಡುವ ದಿನ. ಹನ್ನೆರಡು ಜನ, ಅವರಿಗೊಬ್ಬ ಮುಖ್ಯಸ್ಥ. ನಾನು ಹೋದ ವರ್ಷ ಮಂಜು ಮುಸುಕಿತ್ತು. ಮಧ್ಯಾಹ್ನದ ಹೊತ್ತಿಗೂ ಬೆಳಕು ಬೂದಿ ಬಣ್ಣದ್ದೇ. ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿದವರು ಟ್ರ್ಯಾಕ್ಟರ್ ಹಿಂದಿನ ಟ್ರೇಲರ್ ಹತ್ತಿ ಹೊರಟರು. ಜೊತೆಗೆ ಚೂಪು ಮಾಡಿದ ಗೂಟಗಳ ಒಂದು ಕಟ್ಟು, ದೊಡ್ಡದೊಂದು ಕೊಡತಿ. ನಾನು ಸ್ವಲ್ಪ ದೂರದಲ್ಲಿ ಕಾಲುದಾರಿ ಹಿಡಿದು ನಡೆದೆ. ಪ್ರತಿ ಹೆಜ್ಜೆಗೂ ಬೂಟಿಗೆ ಅರ್ಧ ಕೇಜಿ ಜೇಡಿಮಣ್ಣು ಅಂಟುತ್ತಿತ್ತು. ಇಲ್ಲಿನ ಮಣ್ಣು ಅಷ್ಟು ಜಿಗುಟು.

ಅವರು ಮಾಡುವ ಕೆಲಸದಲ್ಲಿ ಗಾಂಭೀರ್ಯ ಏನೂ ಇಲ್ಲ. ಒಂದು ಪಟ್ಟಿಯ ತುದಿಗೆ ಬಂದು ನಿಲ್ಲುತ್ತಾರೆ. ಒಬ್ಬ ಹಳೆಯ ಗೂಟ ಹುಡುಕುತ್ತಾನೆ. ಸಿಗದಿದ್ದರೆ ಇನ್ನೊಬ್ಬ ಅತ್ತ ತುದಿಯ ಗೂಟಕ್ಕೆ ಕಣ್ಣು ನೆಟ್ಟು, ಒಂದು ಕಣ್ಣು ಮುಚ್ಚಿ, ಕೈಯಿಂದ ಎಡಕ್ಕೆ, ಇನ್ನೂ ಎಡಕ್ಕೆ, ಹಾಂ ಸಾಕು ಅಂತ ಸನ್ನೆ ಮಾಡುತ್ತಾನೆ. ಸರಿಯಾದ ಕಡೆ ಗೂಟ ಇಟ್ಟು ಕೊಡತಿಯಲ್ಲಿ ಹೊಡೆಯುತ್ತಾರೆ. ಆಮೇಲೆ ಎಲ್ಲರ ಕಣ್ಣೂ ಕೆಳಗೆ, ಸಾಲಿನ ಅಂಚಿನ ಮೇಲೆ. ನೇಗಿಲು ಗೆರೆ ದಾಟಿದೆಯೋ? ಹುಲ್ಲಿನ ದಾರಿಯನ್ನು ತಿಂದಿದೆಯೋ? ಕಾಲುವೆ ಮುಚ್ಚಿಕೊಂಡು ನೀರು ಪಕ್ಕದವನ ಪಟ್ಟಿಗೆ ನುಗ್ಗುತ್ತಿದೆಯೋ? ಇದ್ದರೆ ಮುಖ್ಯಸ್ಥ ಬರೆದುಕೊಳ್ಳುತ್ತಾನೆ.

ಒಂದು ಕಡೆ ನಿಂತದ್ದು ಜಾಸ್ತಿ ಹೊತ್ತಾಯಿತು. ನಾನೂ ಹತ್ತಿರ ಹೋದೆ. ಹಸಿರು ದಾರಿಯ ಅಂಚಿನಲ್ಲಿ ಹೊಸ ಉಳುಮೆ ಒಂದು ಅಡಿಯಷ್ಟು ಒಳಗೆ ಬಂದಿತ್ತು. ಬರೀ ಒಂದು ಅಡಿ. ನನ್ನ ಕಣ್ಣಿಗೆ ಅದು ತೋರಿಸಿದ ಮೇಲೂ ಸರಿಯಾಗಿ ಕಾಣಲಿಲ್ಲ. ಹನ್ನೆರಡು ಜನ ಅದನ್ನು ಸುತ್ತುವರಿದು ನೋಡುತ್ತಿದ್ದರು. ಒಬ್ಬ ಬೂಟಿನ ಹಿಮ್ಮಡಿಯಿಂದ ಹುಲ್ಲು ಕೆದಕಿ ಹಳೆಯ ಅಂಚು ಎಲ್ಲಿತ್ತು ಅಂತ ತೋರಿಸಿದ. ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ನಗುವಿನಲ್ಲಿ ಒಬ್ಬನ ಮುಖ ಮಾತ್ರ ಕೆಂಪಾಯಿತು. ಉತ್ತವನು ಅವನೇ. ಅವನೂ ಆ ಹನ್ನೆರಡರಲ್ಲಿ ಒಬ್ಬ. ತನ್ನ ತಪ್ಪನ್ನು ತಾನೇ ನಿಂತು ನೋಡಿ, ಹೌದು ಬಂದುಬಿಟ್ಟಿದೆ ಅಂತ ತಲೆ ಆಡಿಸಿದ. ಟ್ರೇಲರ್ ಮುಂದೆ ಹೋಯಿತು.

ಹೊಲ ಮುಗಿದ ಮೇಲೆ ಎಲ್ಲರೂ ಡವ್‌ಕೋಟ್ ಇನ್ ಅನ್ನುವ ಪಬ್ಬಿಗೆ. ಒಂದು ವಾರ ಕಳೆದು ಅದೇ ಪಬ್ಬಿನಲ್ಲಿ ಕೋರ್ಟು ಕೂರುತ್ತದೆ. ಕೋರ್ಟ್ ಲೀಟ್ ಅಂತ ಅದರ ಹೆಸರು. ಇಂಗ್ಲೆಂಡಿನಲ್ಲಿ ಈ ಹೆಸರಿನ ಸಭೆಗಳು ಇನ್ನೂ ಕೆಲವು ಕಡೆ ಇವೆ. ಟೋಪಿ ಹಾಕಿಕೊಂಡು ಮೆರವಣಿಗೆ ಹೋಗಿ ಊಟ ಮಾಡಿ ಬರುವುದಕ್ಕೆ. 1977ರ ಕಾನೂನೊಂದು ಅವುಗಳ ನ್ಯಾಯಾಧಿಕಾರವನ್ನು ಕಿತ್ತುಹಾಕಿತು, ಲ್ಯಾಕ್ಸ್‌ಟನ್ನಿನ ಕೋರ್ಟನ್ನು ಮಾತ್ರ ಬಿಟ್ಟಿತು. ಯಾಕೆ ಅಂದರೆ ಇಲ್ಲಿ ಅದಕ್ಕೆ ನಿಜವಾಗಿ ಕೆಲಸ ಇತ್ತು. ಆ ಒಂದು ಅಡಿಗೆ ಇಲ್ಲಿ ದಂಡ ಬೀಳುತ್ತದೆ. ಮೊತ್ತ ಕೇಳಿದರೆ ನಗು ಬರುತ್ತದೆ. ಆದರೆ ಅದನ್ನು ಓದಿ ಹೇಳುವುದು ಊರಿನವರ ಎದುರು. ಮುಂದಿನ ವರ್ಷದ ಜ್ಯೂರಿಯ ಪ್ರಮಾಣವೂ ಅಲ್ಲೇ ಆಗುತ್ತದೆ. ತಪ್ಪಿಸಿಕೊಂಡು ಅಲೆಯುವ ದನ ಹಿಡಿದು ದೊಡ್ಡಿಗೆ ಹಾಕುವವನೊಬ್ಬನನ್ನೂ ನೇಮಿಸುತ್ತಾರೆ. ದೊಡ್ಡಿ ಇನ್ನೂ ಊರಲ್ಲಿ ಇದೆ. ಅಲೆಯುವ ದನ ಇಲ್ಲ.

ಅಪನಂಬಿಕೆಯ ಲೆಕ್ಕ

ಪರಂಪರೆ ಅನ್ನುವ ಮಾತು ಬಂದಾಗ ನಾವು ಸಾಮಾನ್ಯವಾಗಿ ಹೇಳಿಕೊಳ್ಳುವ ಕಥೆ ಗೊತ್ತಲ್ಲ. ಹಳೆಯ ಕಾಲದವರು ಒಟ್ಟಾಗಿ ಇದ್ದರು, ಹಂಚಿಕೊಂಡು ತಿನ್ನುತ್ತಿದ್ದರು, ಒಬ್ಬರಿಗೊಬ್ಬರು ಆಗುತ್ತಿದ್ದರು. ಆಮೇಲೆ ದುರಾಸೆ ಬಂತು, ಎಲ್ಲ ಹಾಳಾಯಿತು. ಲ್ಯಾಕ್ಸ್‌ಟನ್ನನ್ನೂ ಹೀಗೆ ವರ್ಣಿಸುವವರಿದ್ದಾರೆ. ಆ ಗುರುವಾರ ಹೊಲದಲ್ಲಿ ನಿಂತು ನೋಡಿದ ಮೇಲೆ ನನಗೆ ಅದು ಪೂರ್ತಿ ಉಲ್ಟಾ ಅನ್ನಿಸಿತು. ದುರಾಸೆ ಇದ್ದೇ ಇರುತ್ತದೆ, ಅವಕಾಶ ಸಿಕ್ಕರೆ ಪಕ್ಕದವನು ಒಂದು ಸಾಲು ಒತ್ತಿಯೇ ಒತ್ತುತ್ತಾನೆ, ನಾನೂ ಒತ್ತುತ್ತೇನೆ. ಇದನ್ನು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಇದು. ಪ್ರೀತಿ ವಿಶ್ವಾಸದ ಮೇಲೆ ಇದು ನಿಂತಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಎಲ್ಲರನ್ನೂ ಅನುಮಾನಿಸುವುದಕ್ಕೆ ಒಂದು ದಿನ ಗೊತ್ತು ಮಾಡಿ, ಆಮೇಲೆ ಒಟ್ಟಿಗೆ ಕೂತು ಕುಡಿಯುವುದಕ್ಕೂ ಜಾಗ ಇಟ್ಟುಕೊಂಡಿದ್ದಾರೆ.

ಸಾಗರದ ಕಡೆ ನಮ್ಮ ದೊಡ್ಡಪ್ಪನ ಗದ್ದೆಗೂ ಪಕ್ಕದವರ ಗದ್ದೆಗೂ ನಡುವೆ ಒಂದು ಬದು ಇತ್ತು. ಎರಡೂ ಕಡೆಯವರು ವರ್ಷ ವರ್ಷ ಒಂದೊಂದು ಗುದ್ದಲಿ ಕೆತ್ತಿ ಕೆತ್ತಿ ಅದು ಕೊನೆಗೆ ಒಂದು ಕಾಲಿಡುವಷ್ಟಾಗಿತ್ತು. ನಾವು ಮಕ್ಕಳು ಅದರ ಮೇಲೆ ಸರ್ಕಸ್ಸಿನವರ ಹಾಗೆ ಕೈ ಚಾಚಿ ನಡೆಯುತ್ತಿದ್ದೆವು. ಒಂದು ಮಳೆಗಾಲ ಅದು ಕುಸಿಯಿತು. ಯಾರು ಎಷ್ಟು ಕೆತ್ತಿದ್ದರು ಅನ್ನುವುದು ಸರ್ವೆಯವರಿಂದ ಶುರುವಾಗಿ ಸಿವಿಲ್ ಕೋರ್ಟಿಗೆ ಹೋಯಿತು. ಕೇಸು ಮುಗಿಯುವ ಮೊದಲು ದೊಡ್ಡಪ್ಪ ತೀರಿಕೊಂಡರು, ಪಕ್ಕದ ಮನೆಯ ಯಜಮಾನರೂ ತೀರಿಕೊಂಡರು. ಗದ್ದೆ ಈಗ ಅಡಿಕೆ ತೋಟ. ಎರಡು ಮನೆಯವರು ಮಾತಾಡುವುದಿಲ್ಲ. ಇಬ್ಬರೂ ಕೆಟ್ಟವರಾಗಿರಲಿಲ್ಲ. ಮೊದಲ ಗುದ್ದಲಿ ಬಿದ್ದ ವರ್ಷವೇ ಊರಿನ ಹನ್ನೆರಡು ಜನ ಬಂದು ನಿಂತು ಒಂದು ಗೂಟ ಹೊಡೆದು, ನಕ್ಕು, ಹತ್ತು ರೂಪಾಯಿ ದಂಡ ಹಾಕಿದ್ದರೆ ಸಾಕಿತ್ತೇನೋ. ಸಾಲುತ್ತಿತ್ತು ಅಂತ ಖಾತ್ರಿಯಾಗಿ ಹೇಳಲಾರೆ. ದೊಡ್ಡಪ್ಪ ಸುಲಭದ ಆಸಾಮಿ ಅಲ್ಲ.

ನಕ್ಷೆ ಬರೆಸಿದ ವ್ಯಾಪಾರಿ

ಈ ಊರಿನ ಬಗ್ಗೆ ಇಷ್ಟೆಲ್ಲ ನಿಖರವಾಗಿ ಗೊತ್ತಿರುವುದಕ್ಕೆ ಒಂದು ನಕ್ಷೆ ಕಾರಣ. 1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಯರ್ ಚರ್ಮದ ಹಾಳೆಗಳ ಮೇಲೆ ಲ್ಯಾಕ್ಸ್‌ಟನ್ನಿನ ಪ್ರತಿ ಮನೆ, ಪ್ರತಿ ಪಟ್ಟಿಯನ್ನು ಬರೆದ. ಆಗ ಹೊಲಗಳು ನಾಲ್ಕು, ಪಟ್ಟಿಗಳು ಎರಡು ಸಾವಿರಕ್ಕೂ ಹೆಚ್ಚು. ಜೊತೆಗೆ ಯಾವುದು ಯಾರದು ಅನ್ನುವ ಒಂದು ಪುಸ್ತಕ. ನಮ್ಮ ಪಹಣಿ ಮತ್ತು ನಕಾಶೆ ಒಟ್ಟಿಗೆ ಸೇರಿದ ಹಾಗೆ ಅನ್ನಿ. ಮೂಲ ನಕ್ಷೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಪ್ರತಿಯೊಂದನ್ನು ನಾನು ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದ್ದೇನೆ. ಪಿಯರ್ಸ್ ಬರೀ ಗೆರೆ ಎಳೆದು ಸುಮ್ಮನಾದವನಲ್ಲ. ಪಟ್ಟಿಗಳ ಮೇಲೆ ಉಗುರಿನಷ್ಟು ಚಿಕ್ಕ ಜನರನ್ನು ಬರೆದಿದ್ದಾನೆ. ಒಬ್ಬ ಉಳುತ್ತಿದ್ದಾನೆ, ಕೆಲವರು ಕೊಯ್ಯುತ್ತಿದ್ದಾರೆ, ಇನ್ನೊಂದು ಮೂಲೆಯಲ್ಲಿ ಬೇಟೆ. ಲೆಕ್ಕದ ಕೆಲಸಕ್ಕೆ ಇದರ ಅಗತ್ಯ ಇರಲಿಲ್ಲ. ಕೂಲಿಗೆ ಬರೆದವನ ಕೈಯಿಂದ ಸುಮ್ನೆ ಹೊಮ್ಮಿದ ಸಂತೋಷ ಅದು ಅಂತ ನನಗನ್ನಿಸುತ್ತದೆ.

ನಕ್ಷೆ ಬರೆಸಿದವನ ಹೆಸರು ಓದಿದಾಗ ನಾನು ಬೆಚ್ಚಿದ್ದು ನಿಜ. ಸರ್ ವಿಲಿಯಂ ಕೋರ್ಟೀನ್. ಲಂಡನ್ನಿನ ವ್ಯಾಪಾರಿ. ಇವನ ಅಪ್ಪ ಫ್ಲಾಂಡರ್ಸ್‌ನಿಂದ ಜೀವ ಉಳಿಸಿಕೊಂಡು ಬಂದ ದರ್ಜಿ. ಮಗ ಬಟ್ಟೆಯ ವ್ಯಾಪಾರದಲ್ಲಿ ದುಡ್ಡು ಮಾಡಿದ, ಹಡಗು ಕಟ್ಟಿಸಿದ, 1627ರಲ್ಲಿ ಬಾರ್ಬಡೋಸಿನಲ್ಲಿ ಮೊದಲ ಇಂಗ್ಲಿಷ್ ವಸಾಹತಿಗೆ ಹಣ ಹಾಕಿದ, ರಾಜನಿಗೇ ದೊಡ್ಡ ಸಾಲ ಕೊಟ್ಟ. ಲ್ಯಾಕ್ಸ್‌ಟನ್ನನ್ನು ಕೊಂಡದ್ದು 1625ರ ಹೊತ್ತಿಗೆ. ಅದೇ ಕೋರ್ಟೀನ್‌ನ ಕೂಟಕ್ಕೆ ಒಂದನೇ ಚಾರ್ಲ್ಸ್ ರಾಜ, ಈಸ್ಟ್ ಇಂಡಿಯಾ ಕಂಪನಿಯ ಕಣ್ಣೆದುರೇ, ಪೂರ್ವದ ವ್ಯಾಪಾರಕ್ಕೆ ಪರವಾನಗಿ ಕೊಟ್ಟ. ಅದೂ 1635ರಲ್ಲೇ, ವರ್ಷದ ಕೊನೆಗೆ. ಮರುವರ್ಷ ಏಪ್ರಿಲ್‌ನಲ್ಲಿ ಜಾನ್ ವೆಡೆಲ್ ಅನ್ನುವವನ ನಾಯಕತ್ವದಲ್ಲಿ ಹಡಗುಗಳು ಹೊರಟವು. ಗೋವಾ ಮುಟ್ಟಿ, 1637ರ ಆರಂಭದಲ್ಲಿ ಬಂದು ನಿಂತದ್ದು ಭಟ್ಕಳಕ್ಕೆ. ಬಂದದ್ದು ಕಾಳುಮೆಣಸಿಗೆ.

ಭಟ್ಕಳದ ಬಂದರು ಆಗ ಕೆಳದಿ ನಾಯಕರದ್ದು, ರಾಜಧಾನಿ ಘಟ್ಟದ ಮೇಲೆ ಇಕ್ಕೇರಿ. ವೀರಭದ್ರ ನಾಯಕನ ಕಾಲ. ಹಡಗಿನಲ್ಲಿದ್ದ ಪೀಟರ್ ಮಂಡಿ ಅನ್ನುವ ಕಾರ್ನ್‌ವಾಲಿನ ವ್ಯಾಪಾರಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟ. ಅದೇ ಮಂಡಿ ಆ ವರ್ಷವೇ ಮುಂದೆ ಚೀನಾಕ್ಕೆ ಹೋಗಿ ಚಹಾ ಕುಡಿದು ಅದನ್ನೂ ಬರೆದಿದ್ದಾನೆ. ಇಕ್ಕೇರಿ ನಮಗೆ ಶಾಲೆಯಿಂದ ಪಿಕ್‌ನಿಕ್ ಹೋಗುವ ಜಾಗ. ಅಘೋರೇಶ್ವರ ದೇವಸ್ಥಾನದ ಅಂಗಳದಲ್ಲಿ ಪುಳಿಯೋಗರೆ ಬಿಚ್ಚಿ ತಿಂದು, ದೊಡ್ಡ ನಂದಿಯ ಕಾಲಡಿ ತೂರಿ ಆಡಿದವರು ನಾವು. ರಾಜಧಾನಿ ಅನ್ನುವುದಕ್ಕೆ ದೇವಸ್ಥಾನ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ಭಟ್ಕಳದಲ್ಲಿ ಆ ಕಾಲದ ಇಂಗ್ಲಿಷರ ಕೆಲವು ಸಮಾಧಿಗಳಿವೆ. ಬಂದವರಲ್ಲಿ ಕೆಲವರು ಅಲ್ಲೇ ಮಣ್ಣಾದರು. 1638ರಲ್ಲಿ ಕೋರ್ಟೀನ್ ಕೂಟದವರು ಕಾರವಾರದಲ್ಲೂ ಒಂದು ಕೋಠಿ ತೆರೆದರು.

ಇಷ್ಟನ್ನೂ ಕೋರ್ಟೀನ್ ನೋಡಲಿಲ್ಲ. ಹಡಗು ಹೊರಟ ಕೆಲವೇ ವಾರಗಳಲ್ಲಿ, 1636ರಲ್ಲಿ, ಅವನು ಸತ್ತ. ಮಗ ಮುಂದುವರಿಸಿದ. ವ್ಯಾಪಾರ ಕೈಕೊಟ್ಟಿತು, ರಾಜನ ಸಾಲ ವಾಪಸ್ ಬರಲಿಲ್ಲ, ಮಗ ಸಾಲಗಾರರಿಂದ ತಪ್ಪಿಸಿಕೊಂಡು ದೇಶ ಬಿಟ್ಟು ಇಟಲಿಯಲ್ಲಿ ತೀರಿಕೊಂಡ. ಲ್ಯಾಕ್ಸ್‌ಟನ್ ಕೈಬಿಟ್ಟದ್ದು 1640ರ ಸುಮಾರಿಗೆ. ಮೊಮ್ಮಗನೊಬ್ಬ, ಅವನೂ ವಿಲಿಯಂ, ಕಪ್ಪೆಚಿಪ್ಪು, ನಾಣ್ಯ, ಗಿಡ, ಕೀಟ ಅಂತ ಜೀವನವಿಡೀ ಕೂಡಿಟ್ಟ. ಆ ಸಂಗ್ರಹ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯನಿಗೆ ಹೋಗಿ, ಅವನ ಮೂಲಕ ಬ್ರಿಟಿಷ್ ಮ್ಯೂಸಿಯಮ್ಮಿನ ತಳಪಾಯದಲ್ಲಿ ಸೇರಿತು. ಮೆಣಸಿನ ಹಡಗು, ಬಾರ್ಬಡೋಸಿನ ತೋಟ, ಮ್ಯೂಸಿಯಮ್ಮಿನ ಕಪಾಟು, ಲ್ಯಾಕ್ಸ್‌ಟನ್ನಿನ ಗೋಧಿ ಹೊಲ, ಎಲ್ಲ ಒಂದೇ ಮನೆಯ ಲೆಕ್ಕಪುಸ್ತಕದಲ್ಲಿ ಇದ್ದವು. ಹಳ್ಳಿ ಅಂದರೆ ಹೊರಗಿನ ಗಾಳಿ ಸೋಕದ ಜಾಗ ಅಂತ ಇಂಗ್ಲಿಷರೂ ಭಾವಿಸುತ್ತಾರೆ, ನಾವೂ ಭಾವಿಸುತ್ತೇವೆ. ಈ ಹಳ್ಳಿಯ ಒಂದೊಂದು ಪಟ್ಟಿಯನ್ನೂ ಅಳೆಸಿದ ದುಡ್ಡು ಸಮುದ್ರದಿಂದ ಬಂದದ್ದು. ಅಳೆಸಿದ್ದು ಯಾವ ಗೇಣಿಯವನಿಂದ ಎಷ್ಟು ಬರಬೇಕು ಅಂತ ನೋಡುವುದಕ್ಕೆ. ಈಗ ನಾವು ಪರಂಪರೆ ಅಂತ ಗಾಜಿನ ಹಿಂದೆ ಇಟ್ಟು ನೋಡುವ ವಸ್ತು ಅವತ್ತು ವಸೂಲಿಯ ಸಾಧನ. ಅದರಿಂದ ನಕ್ಷೆಯ ಚಂದ ಕಡಿಮೆ ಆಗುವುದಿಲ್ಲ ಬಿಡಿ.

ಒಡೆಯರು

ಲ್ಯಾಕ್ಸ್‌ಟನ್ನಿನ ಇತಿಹಾಸವನ್ನು ಒಡೆಯರ ಪಟ್ಟಿಯಾಗಿ ಓದುವುದು ಸುಲಭ. ರಾಜ ಮಾಡಿಸಿದ ಜಮೀನಿನ ಲೆಕ್ಕ, 1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಊರಿನ ಹೆಸರಿದೆ. ನಾರ್ಮನ್ನರು ಊರ ಉತ್ತರಕ್ಕೆ ಮಣ್ಣಿನ ದಿಬ್ಬ ಎಬ್ಬಿಸಿ ಕೋಟೆ ಕಟ್ಟಿದರು. ಶೆರ್ವುಡ್ ಕಾಡಿನ ಮೇಲ್ವಿಚಾರಣೆ ಅಲ್ಲಿಂದ ನಡೆಯುತ್ತಿತ್ತು. ಕೋಟೆ ಹೋಗಿ ಈಗ ದಿಬ್ಬ ಉಳಿದಿದೆ, ಕುರಿಗಳು ಮೇಯುತ್ತವೆ. ಆಮೇಲೆ ಎವರಿಂಗ್‌ಹ್ಯಾಮ್ ಮನೆತನ. ಅವರ ಮೂರ್ತಿಗಳು ಚರ್ಚಿನಲ್ಲಿ ಮಲಗಿವೆ. ಅವುಗಳಲ್ಲಿ ಒಂದು ಕಲ್ಲಿನದಲ್ಲ, ಮರದ್ದು. ಒಬ್ಬ ಹೆಂಗಸಿನದು. ಓಕ್ ಮರ ಆರುನೂರಕ್ಕೂ ಹೆಚ್ಚು ವರ್ಷದಲ್ಲಿ ಸವೆದು, ಮುಖದಲ್ಲಿ ಹೆಸರಿಸುವಂಥದ್ದು ಏನೂ ಉಳಿದಿಲ್ಲ. ಪಕ್ಕದ ಕಲ್ಲಿನ ಗಂಡಸರಿಗಿಂತ ನನಗೆ ಅವಳೇ ಹೆಚ್ಚು ಜೀವಂತ ಅನ್ನಿಸಿದಳು. ಕೋರ್ಟೀನ್ ಆದ ಮೇಲೆ ಪಿಯರ್‌ಪಾಂಟ್ ಮನೆತನ. ಅವರೇ ಮುಂದೆ ಅರ್ಲ್ ಮ್ಯಾನ್ವರ್ಸ್ ಆದರು.

ಬೇಲಿಯ ಕಾಲದಲ್ಲಿ ಈ ಊರು ತಪ್ಪಿಸಿಕೊಂಡದ್ದು ಹೇಗೆ? ಊರಿನ ಹೆಮ್ಮೆಯಿಂದಲ್ಲ. ಇಲ್ಲಿ ಇಬ್ಬರು ದೊಡ್ಡ ಒಡೆಯರಿದ್ದರು, ಮ್ಯಾನ್ವರ್ಸ್ ಮತ್ತು ಸ್ಕಾರ್ಬರೋದ ಅರ್ಲ್. ಸುತ್ತ ಸಣ್ಣ ಸಣ್ಣ ಸ್ವಂತದಾರರು. ಇವರೆಲ್ಲರ ಹೊಂದಾಣಿಕೆ ಆಗಿ, ಖರ್ಚು ಹೊಂದಿಸಿ, ಪೂರ್ತಿ ಬೇಲಿ ಹಾಕುವ ಘಳಿಗೆ ಕೂಡಿ ಬರಲೇ ಇಲ್ಲ. ಅಷ್ಟಿಷ್ಟು ಭಾಗಕ್ಕೆ ಬೇಲಿ ಬಿತ್ತು. ನಾಲ್ಕು ಹೊಲ ಮೂರಾಯಿತು. 20ನೇ ಶತಮಾನದ ಶುರುವಿನಲ್ಲಿ ಚೂರು ಪಟ್ಟಿಗಳನ್ನು ಸೇರಿಸಿ ದೊಡ್ಡದು ಮಾಡಿದರು. ಅಂದರೆ ಈಗ ನಾವು ನೋಡುವುದು 1635ರ ಹೊಲ ಅಲ್ಲ, ಬದಲಾಗುತ್ತಾ ಬಂದ ಹೊಲ. ಇದನ್ನು ಹೇಳಿದರೆ ಕೆಲವರಿಗೆ ನಿರಾಸೆ. ನನಗೆ ಇದೇ ಇಷ್ಟ. ಕುದುರೆ ಹೋಗಿ ಟ್ರ್ಯಾಕ್ಟರ್ ಬಂತು, ಪಟ್ಟಿ ಅಗಲವಾಯಿತು, ಜ್ಯೂರಿ ನಡೆಯುತ್ತಾ ಹೋಯಿತು.

ಊರಿಗೆ ಬೆಲೆ ಇದೆ ಅಂತ ಹೊರಗಿನವರಿಗೆ ಗೊತ್ತಾದದ್ದು 1930ರ ದಶಕದಲ್ಲಿ, ಆಕ್ಸ್‌ಫರ್ಡಿನ ವಿದ್ವಾಂಸರು ಬರೆದ ಮೇಲೆ. ಅಲ್ಲಿಂದ ಶುರುವಾಯಿತು ಕಾಪಾಡುವವರ ಸರದಿ. 1952ರಲ್ಲಿ ಕೊನೆಯ ಅರ್ಲ್ ಮ್ಯಾನ್ವರ್ಸ್, ಏರ್ಪಾಡು ಉಳಿಯಲಿ ಅಂತ ಊರನ್ನು ಕೃಷಿ ಇಲಾಖೆಗೆ ಮಾರಿದ. 1981ರಲ್ಲಿ ಇಲಾಖೆ ಕೈತೊಳೆದುಕೊಂಡಿತು, ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ತೆಗೆದುಕೊಂಡಿತು. 2018ರಲ್ಲಿ ಅವರೂ ಮಾರುವುದಾಗಿ ಹೇಳಿದರು. 2020ರಲ್ಲಿ ಕೊಂಡವರು ಹತ್ತಿರದ ಥೋರ್ಸ್‌ಬಿ ಎಸ್ಟೇಟಿನವರು. ಅಂದರೆ ಮತ್ತೆ ಪಿಯರ್‌ಪಾಂಟ್ ಮನೆತನವೇ. ಎಪ್ಪತ್ತು ವರ್ಷ ಸರ್ಕಾರದ ಕೈಯಲ್ಲಿ ಸುತ್ತಾಡಿ ಊರು ಹಳೆಯ ಮನೆಗೆ ವಾಪಸ್. ಈ ಮಾರಾಟ ಕೊಳ್ಳುವಿಕೆಯಲ್ಲಿ ಗೂಟ ಹೊಡೆಯುವವರದು ಒಂದು ಸಹಿಯೂ ಇಲ್ಲ. ಅವರಲ್ಲಿ ಹೆಚ್ಚಿನವರು ಗೇಣಿ ರೈತರು. ಗೇಣಿ ಶಾಸನ ಬಂದು ಉಳುವವನೇ ಒಡೆಯನಾದ ಊರಿನಿಂದ ಬಂದ ನನಗೆ ಇದು ಒಂಥರಾ ಕಸಿವಿಸಿ. ಊರಿನ ಕಾನೂನು ಅವರ ಕೈಯಲ್ಲಿದೆ, ಊರು ಅವರ ಕೈಯಲ್ಲಿಲ್ಲ. ಪರಂಪರೆ ಅಂತ ಎಲ್ಲರೂ ಹೊಗಳುವುದರ ಖರ್ಚೂ ಅವರದೇ ಅಲ್ವಾ? ಇವತ್ತಿನ ಕೊಯ್ಲಿನ ಯಂತ್ರಕ್ಕೆ ಈ ಪಟ್ಟಿಗಳು ಇಕ್ಕಟ್ಟು. ಸಣ್ಣ ಹಿಡುವಳಿಯಲ್ಲಿ ಲಾಭ ಕಷ್ಟ. ಮಕ್ಕಳು ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಹೊಲ ಕಡಿಮೆಯಾದರೆ ಚಿಂತೆ ಇಲ್ಲ, ಹನ್ನೆರಡು ಜನ ಸಿಗದಿದ್ದರೆ ಏನು ಮಾಡುವುದು ಅನ್ನುವುದು ಅವರ ನಿಜವಾದ ತಲೆಬಿಸಿ.

ಹೀಗೆ ನನಗೆ ಹೇಳಿದವರು ಆ ಗುರುವಾರ ಪಬ್ಬಿನಲ್ಲಿ ಪಕ್ಕ ಕೂತಿದ್ದ ಒಬ್ಬ ಹಿರಿಯರು. ಬೆಂಕಿಯ ಕಡೆ ಬೂಟು ಚಾಚಿದ್ದರು, ಮಣ್ಣು ಒಣಗಿ ಹೆಕ್ಕಳಿಕೆಯಾಗಿ ಉದುರುತ್ತಿತ್ತು. ಎಲ್ಲಿಂದ ಬಂದೆ ಡಕ್, ಅಂತ ಕೇಳಿದರು. ಈ ಸೀಮೆಯವರಿಗೆ ಎಲ್ಲರೂ ಡಕ್ಕೇ. ನಾನು ಭಟ್ಕಳದ ಕಥೆ, ಕೋರ್ಟೀನನ ಹಡಗು, ಇಕ್ಕೇರಿ ಎಲ್ಲ ಉತ್ಸಾಹದಲ್ಲಿ ಹೇಳಿದೆ. ಪೂರ್ತಿ ಕೇಳಿದರು. ಲೋಟ ಕೆಳಗಿಟ್ಟು, ಅವನಿಗೆ ಅದರಲ್ಲಿ ದುಡ್ಡಾಯಿತಾ ಅಂದರು. ಇಲ್ಲ, ಮಗ ದಿವಾಳಿಯಾದ ಅಂದೆ. ಆಗಲೇಬೇಕು ಅನ್ನುವ ಹಾಗೆ ತಲೆ ಆಡಿಸಿ, ಈಗ ನಿಮ್ಮ ಕಡೆ ಕಾಳುಮೆಣಸಿಗೆ ಏನು ರೇಟಿದೆ, ಅದನ್ನು ಕೊಯ್ಯುವುದು ಯಂತ್ರದಲ್ಲೋ ಕೈಯಲ್ಲೋ ಅಂತ ಕೇಳಿದರು. ಕೈಯಲ್ಲಿ, ಏಣಿ ಹಾಕಿ, ಬಳ್ಳಿ ಬಳ್ಳಿಗೂ ಅಂದೆ. ಕೂಲಿಗ್ಯಾರು ಸಿಗುತ್ತಾರೆ ಅಂದರು. ಅಲ್ಲಿಂದ ಮುಂದೆ ಒಂದು ಗಂಟೆ ನಾವು ಮಾತಾಡಿದ್ದು ಆಳುಗಳ ಅಭಾವದ ಬಗ್ಗೆ.